ಮೂತಿ ಕತ್ತರಿಸಿದ ಟೀಪಾಟು

ಜನವರಿ ೧೪, ೧೯೮೫. ಬ್ರಿಸ್ಟಲ್

ಬೆಳಿಗ್ಗೆಯಿಂದ ಕಾಲುಚೀಲದಲ್ಲೇ ನೆಲದ ಮೇಲೆ ಅಂಬೆಗಾಲು. ಮೊಣಕಾಲು ಸವೆದವು. ಕಂಪ್ಯೂಟರ್ ಚಿಪ್ಪಿನ ನಕ್ಷೆಯನ್ನು ಕೋಣೆಯಷ್ಟು ದೊಡ್ಡದಾಗಿ ಮುದ್ರಿಸಿ ಹಾಸಿದ್ದೇವೆ. ಒಂದೊಂದು ಗೆರೆಯೂ ಒಂದು ತಂತಿ. ಜೊತೆ ಕೆಲಸದ ಬೆರಿಲ್ ಓದುತ್ತಾಳೆ, ನಾನು ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತೇನೆ. ಪ್ರತಿ ಸಲ ಓದುತ್ತಿದ್ದವನು ಮರ್ವಿನ್. ಇವತ್ತು ಮನೆಯಲ್ಲಿ ಕಂಬಳಿ ಹೊದ್ದು ನನ್ನ ಫೋನಿಗೆ ಕಾಯುತ್ತಿದ್ದಾನೆ.

"ನಿನ್ನ ಗಂಡ ಇಲ್ದಿದ್ರೆ ಆಫೀಸು ಬರೀ ಗವಿ ಕಣೇ, ಬಂಗಾರ," ಎಂದಳು ಬೆರಿಲ್.

ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗ ಅವನದು, ಪಕ್ಕದ ಚಿಪ್ಪಿನೊಡನೆ ಮಾತಾಡುವ ಭಾಗ ನನ್ನದು. ಒಂದಕ್ಕೆ ಆಗದ ಕೆಲಸವನ್ನು ನಾಲ್ಕು ಚಿಪ್ಪು ಹಂಚಿಕೊಂಡು ಮಾಡಬೇಕು — ಆರು ವರ್ಷದಿಂದ ಗಂಡ ಹೆಂಡತಿಗೆ ಇದೇ ಧ್ಯಾನ.

ಮರ್ವಿನ್‌ಗೆ ಡಾಕ್ಟರು ಕೊಟ್ಟ ಗಡುವು ಮೇ ತಿಂಗಳು. ಹೆಚ್ಚೆಂದರೆ ಜೂನ್. ಚಿಪ್ಪು ತಯಾರಾಗಿ ಬರಲು ಒಂಬತ್ತು ವಾರ ಬೇಕು. ಮಾರ್ಚ್ ಕೊನೆಗೆ ಬರುತ್ತದೆ. ಅವನು ನೋಡುತ್ತಾನೆ. ನೋಡಲೇಬೇಕು.

ಜನವರಿ ೧೬

ಮರ್ವಿನ್ ಹಾಸಿಗೆಯಲ್ಲೇ ಪರೀಕ್ಷೆಯ ಪ್ರೋಗ್ರಾಮ್ ಬರೆದು ಮುಗಿಸಿದ. ಮೊದಲ ಚಿಪ್ಪು ಎರಡನೆಯದನ್ನು ಕೇಳುತ್ತದೆ: ಇದ್ದೀಯಾ? ಅದು: ಇದ್ದೇನೆ. ಹಾಗೇ ಮೂರು, ನಾಲ್ಕು. ಹಾಳೆಯ ಮೂಲೆಯಲ್ಲಿ ಯಥಾಪ್ರಕಾರ ಒಂದು ಟೀಪಾಟಿನ ಚಿತ್ರ. ಮದುವೆಗೆ ಮೊದಲಿನ ಚಟ. ನನ್ನ ಮೇಜಿನ ಮೇಲೆ ಆ ಚಿತ್ರದ ಚೀಟಿ ಬಿದ್ದರೆ ಎದ್ದು ಚಹಾಕ್ಕೆ ಹೋಗಬೇಕು.

ಹಳೇ ಜಗಳ ಮತ್ತೆ. ಉತ್ತರ ಬರದಿದ್ದರೆ ಚಿಪ್ಪು ಎಷ್ಟು ಹೊತ್ತು ಕಾಯಬೇಕು? ಒಂದು ಮಿತಿ ಇಡೋಣ ಎಂದು ನಾನು. ಬೇಡವೇ ಬೇಡ ಎಂದು ಅವನು. ಗೆದ್ದದ್ದೂ ಅವನೇ.

"ಕಾಯ್ಲಿ ಬಿಡೇ ಹೆಟ್ಟಿ. ಗಡಿಯಾರ ನೋಡ್ಕೊಂಡು ಕಾಯೋದೂ ಒಂದು ಕಾಯೋದಾ?"

"ಆ ಕಡೇದು ಸತ್ತೇ ಹೋಗಿದ್ರೆ?"

ಬಾಯಿ ತಪ್ಪಿ ಬಂತು. ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಆಗ್ಲೂ," ಎಂದ.

ಜನವರಿ ೧೮. ಸಂಜೆ ೫

ನಕ್ಷೆಯ ತಪಾಸಣೆ ಮುಗಿಯಿತು. ನಮ್ಮ ಮುಖ್ಯಸ್ಥ ಡೆಸ್ಮಂಡ್ ಸಹಿ ಹಾಕಿದ. "ಇನ್ಮೇಲೆ ಯಾರೂ ಒಂದು ಗೆರೆ ಮುಟ್ಟಂಗಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೋಟು ತರಲು ಹೋದ. ಅವನ ಕಾನೂನು ಅದು. ಸಹಿ ಬಿದ್ದ ಮೇಲೆ ಕೈ ಆಡಿಸಬಾರದು.

ಚಿಪ್ಪಿನ ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಜಾಗ ಖಾಲಿ ಇತ್ತು. ಚಿಪ್ಪು ಮಾಡುವವರು ಅಲ್ಲಿ ಕದ್ದು ತಮ್ಮ ಗುರುತು ಬಿಡುವುದುಂಟು. ಕಂಪ್ಯೂಟರಿನಲ್ಲಿ ಬರೆಯಲು ಎಂಟು ನಿಮಿಷ ಹಿಡಿಯಿತು. ಕೂದಲೆಳೆಯಷ್ಟೂ ಇಲ್ಲದ ಟೀಪಾಟು — ಹಿಡಿ, ಮುಚ್ಚಳ, ಮೂತಿ. ನಕ್ಷೆ ತುಂಬಿದ ಟೇಪು ನದಿಯಾಚೆಯ ಕಾರ್ಖಾನೆಗೆ ಹೋಯಿತು.

ಮರ್ವಿನ್‌ಗೆ ಹೇಳಿಲ್ಲ. ಮೈಕ್ರೋಸ್ಕೋಪಿನಲ್ಲಿ ತೋರಿಸಿ ಅವನ ಮುಖ ನೋಡಬೇಕು. ಎಷ್ಟು ದಿನವಾಯಿತು ನಾನು ಹೀಗೆ ಒಳಗೊಳಗೇ ನಕ್ಕು!

ಮಾರ್ಚ್ ೨೬

ಬಂದವು. ಒಂದೂ ಏಳಲಿಲ್ಲ. ಕರೆಂಟು ಕೊಟ್ಟ ಕೂಡಲೇ ಕಾದ ಕಾವಲಿ. ನಲವತ್ತು ಚಿಪ್ಪು ನೋಡಿದೆವು, ನಲವತ್ತೂ ಹಾಗೇ.

ಮರ್ವಿನ್ ಫೋನಿನಲ್ಲಿ: "ಮಾತಾಡಿದ್ವಾ?"

"ಇನ್ನೂ ಇಲ್ಲ."

"ನನ್ನ ಭಾಗದಲ್ಲೇ ತಪ್ಪಿರತ್ತೆ. ನಕ್ಷೆ ಮನೆಗೆ ತಗೊಂಡ್ ಬಾ."

ಮಾರ್ಚ್ ೩೦

ನಾಲ್ಕು ದಿನವಾಯಿತು, ಹಾಸಿಗೆಯ ಮೇಲೆ ಹಾಳೆ ಹರಡಿಕೊಂಡು ತನ್ನ ತಪ್ಪು ಹುಡುಕುತ್ತಿದ್ದಾನೆ. ವಾಂತಿ ಮಾಡುತ್ತಾನೆ, ಬಾಯಿ ಒರೆಸಿಕೊಂಡು ಮತ್ತೆ ಹುಡುಕುತ್ತಾನೆ. ಬಿಡು ಅಂದರೆ ಬೈಯುತ್ತಾನೆ.

ಏಪ್ರಿಲ್ ೨

ಬೆರಿಲ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕರೆದಳು. "ಹೆಟ್ಟಿ... ಇದ್ಯಾವುದೇ ಇದು, ಟೀಪಾಟು?"

ಹಿಡಿ ಒಂದು ತಂತಿಗೆ, ಮೂತಿಯ ತುದಿ ಇನ್ನೊಂದಕ್ಕೆ ತಾಗಿತ್ತು. ಎರಡು ಕರೆಂಟಿನ ತಂತಿಗಳಿಗೆ ನಾನೇ ಸೇತುವೆ ಕಟ್ಟಿದ್ದೆ. ತಪಾಸಣೆಯ ಹೊತ್ತಿಗೆ ಅದು ಇದ್ದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ತಪಾಸಣೆ ಮುಗಿದ ಮೇಲೆ ಬರೆದವಳು ನಾನು.

ಡೆಸ್ಮಂಡ್ ಬೈಯಲಿಲ್ಲ. "ಇನ್ನೊಂದು ಒಂಬತ್ತು ವಾರ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜೂನ್. ಜೂನ್ ನಾಲ್ಕು.

ಏಪ್ರಿಲ್ ೩

ಹೇಳಿದೆ. ಹಾಳೆಗಳನ್ನು ಅವನ ಕೈಯಿಂದ ಕಿತ್ತುಕೊಂಡು ಹೇಳಿದೆ.

ಮೊದಲು ನಕ್ಕ. "ಮೂತಿ ಉದ್ದ ಆಯ್ತಾ? ನಮ್ಮನೆ ಟೀಪಾಟೂ ಸೋರತ್ತಲ್ಲ, ನೀನು ತಂದಿದ್ದೇ ಅದೂನೂ." ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಕಾಯಿಲೆಯ ಸುದ್ದಿ ಕೇಳಿದ ದಿನವೂ ಅತ್ತಿರಲಿಲ್ಲ. ನನ್ನ ಪ್ರೀತಿಗಿಷ್ಟು ಬೆಂಕಿ ಹಾಕ.

ಕೊನೆಗೆ ಗೋಡೆಗೇ ಹೇಳುವವನಂತೆ: "ಅಳಿಸ್ಬೇಡ. ಮೂತಿ ಮಾತ್ರ ಕತ್ತರಿಸು."

ಏಪ್ರಿಲ್ ೪

ಕತ್ತರಿಸಿದೆ. ಡೆಸ್ಮಂಡ್ ಪಕ್ಕದಲ್ಲೇ ನಿಂತಿದ್ದ. "ಪೂರ್ತಿ ಅಳಿಸಮ್ಮ" ಎಂದು ಬಾಯಿ ತೆರೆದವನು, ನನ್ನ ಮುಖ ನೋಡಿ ಹಸಿರು ಪೆನ್ನು ಮುಂದೆ ಚಾಚಿದ. ತಪಾಸಣೆ ಮತ್ತೆ ಮೊದಲಿನಿಂದ.

ಮೇ ೨೪. ಮಧ್ಯಾಹ್ನ

ಈಗ ನಿದ್ದೆಯೇ ಹೆಚ್ಚು. ಎಚ್ಚರವಾದಾಗಲೆಲ್ಲ ಒಂದೇ ಪ್ರಶ್ನೆ — "ಬಂತಾ?"

ಇವತ್ತು ಸುಳ್ಳು ಹೇಳಿದೆ. "ಬಂತು ಮರ್ವಿನ್. ನಾಲ್ಕೂ ಮಾತಾಡಿದ್ವು."

ಕಣ್ಣು ಪೂರ್ತಿ ತೆರೆದ. "ಉತ್ತರ ಬರೋಕೆ ಎಷ್ಟು ಹೊತ್ತಾಯ್ತು?"

ಬಾಯಿಗೆ ಬಂದ ಒಂದು ಅಂಕಿ ಹೇಳಿದೆ. ನನ್ನ ಕೈ ಹುಡುಕಿ ಹಿಡಿದುಕೊಂಡ.

"ಅಷ್ಟು ಬೇಗ ಆಗಲ್ಲ ಕಣೇ ಹೆಟ್ಟಿ. ನಿನ್ನ ಭಾಗ ನಿಧಾನ."

ನಕ್ಕೆವು, ಇಬ್ಬರೂ. ನೆಟ್ಟಗೆ ಒಂದು ಸುಳ್ಳು ಹೇಳಲೂ ಬರಲಿಲ್ಲ ನನಗೆ.

ಜೂನ್ ೧೧

ಚಿಪ್ಪು ಬಂದವು. ಮರ್ವಿನ್ ಹೋಗಿ ಹದಿಮೂರು ದಿನ.

ಅವನ ಕೈಬರಹದ ಹಾಳೆ ಮುಂದಿಟ್ಟುಕೊಂಡು ನಾನೇ ಪ್ರೋಗ್ರಾಮ್ ಹಾಕಿದೆ. ಮೊದಲನೆಯದು ಕೇಳಿತು. ಎರಡನೆಯದು — ಇದ್ದೇನೆ. ಮೂರನೆಯದು — ಇದ್ದೇನೆ. ನಾಲ್ಕನೆಯದು — ಇದ್ದೇನೆ. ಲೆಕ್ಕ ಹಂಚಿಕೊಂಡವು, ಉತ್ತರ ಸರಿ ಬಂತು. ಎಲ್ಲರೂ ಕೂಗಿದರು. ಡೆಸ್ಮಂಡ್ ನನ್ನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ, ಕೇಳಿಸಲಿಲ್ಲ. ಎಷ್ಟು ಹೊತ್ತಾಯಿತು ಎಂದು ನೋಡಿದೆ. ಅವನು ಹೇಳಿದ್ದೇ ಸರಿ, ನನ್ನ ಭಾಗ ನಿಧಾನ.

ಎಲ್ಲರೂ ಊಟಕ್ಕೆ ಹೋದರು. ನಾನು ಮೈಕ್ರೋಸ್ಕೋಪಿನಲ್ಲಿ ಟೀಪಾಟು ನೋಡಿದೆ. ಆಮೇಲೆ ನಾಲ್ಕನೆಯ ಚಿಪ್ಪಿನ ತಂತಿ ಕಿತ್ತು ಪ್ರೋಗ್ರಾಮ್ ಮತ್ತೆ ಓಡಿಸಿದೆ. ಮೂರನೆಯದು ಕೇಳಿತು — ಇದ್ದೀಯಾ? ಉತ್ತರವಿಲ್ಲ. ಕಾಯುವಾಗ ಉರಿಯಲೆಂದು ಬೆರಿಲ್ ಇಟ್ಟಿದ್ದ ಸಣ್ಣ ಹಳದಿ ದೀಪ ಹೊತ್ತಿತು.

"ಆರಿಸ್ಲೇನೇ?" ಊಟ ಮುಗಿಸಿ ಬಂದ ಬೆರಿಲ್ ಬಾಗಿಲಲ್ಲಿ ನಿಂತಿದ್ದಳು.

"ಬೇಡ. ಎಷ್ಟು ಹೊತ್ತು ಕಾಯತ್ತೋ ನೋಡೋಣ."

ಅವಳಿಗೂ ಗೊತ್ತು, ಮಿತಿಯಿಲ್ಲ ಎಂದು.

ಜೂನ್ ೧೪, ಶುಕ್ರವಾರ. ಬೆಳಿಗ್ಗೆ ೯

ದೀಪ ಉರಿಯುತ್ತಲೇ ಇದೆ. ಸ್ವಿಚ್ಚಿನ ಮೇಲೆ ಬೆರಿಲ್ ಚೀಟಿ ಅಂಟಿಸಿದ್ದಾಳೆ: ಯಾರೂ ಮುಟ್ಟಬೇಡಿ. ಡೆಸ್ಮಂಡ್ ನೋಡಿಯೂ ನೋಡದವನಂತೆ ದಾಟಿ ಹೋಗುತ್ತಾನೆ. ಆ ಮೇಜು ಬೇರೆಯವರಿಗೆ ಬೇಕಂತೆ. ಆರಿಸಬೇಕಾದವಳು ನಾನೇ. ಇವತ್ತು ಸಂಜೆ ಆರಿಸುತ್ತೇನೆ. ಇವತ್ತಲ್ಲ, ಸೋಮವಾರ. ಸೋಮವಾರ ಬಂದ ಕೂಡಲೇ —