ಆರನೇ ಲೈನಿನ ಮನೆಗಳು

ಹಾರ್ಲಿ ಗ್ರೋವ್, ಅಯೋವಾ
ಮೇ 14, 1956

ಆಲ್ವೀನಾ, ನನ್ನ ಹಳೆಯ ನೆರೆಯವಳೇ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಮೂರು ಸಲ ಕೂತೆ, ಮೂರು ಸಲವೂ ಎದ್ದು ಹೋಗಿ ಒಲೆ ಒರೆಸಿದೆ. ಒಲೆಯೇನೋ ಫಳಫಳ ಹೊಳೆಯುತ್ತಿದೆ.

ಊರಿಗೆ ಎಪ್ಪತ್ತೈದು ತುಂಬುವ ಗಲಾಟೆ ಇಲ್ಲಿ ಜೋರು. ಗಂಡಸರೆಲ್ಲ ಯಾರದು ಚೆಂದವೆಂಬ ಪಂದ್ಯಕ್ಕೆಂದು ಗಡ್ಡ ಬಿಟ್ಟಿದ್ದಾರೆ. ನನ್ನ ಗಂಡ ಹಾರ್ಲನ್‌ನ ಗಡ್ಡ ನೋಡಿದರೆ ಇಲಿ ಕಡಿದ ಕಂಬಳಿ. ಚರ್ಚಿನ ನೆಲಮಾಳಿಗೆಯಲ್ಲಿ ಹಬ್ಬದೂಟಕ್ಕೆ ಬೇಯಿಸಬೇಕಾದ ಇನ್ನೂರು ಹಣ್ಣಿನ ಪೈಗಳ ಲೆಕ್ಕ ನಡೆದಿದೆ. ಊರಿನ ಚರಿತ್ರೆಯ ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಆ ಹಳೆಯ ಟೆಲಿಫೋನಿನ ಪುಟ ನನ್ನ ಪಾಲಿಗೆ ಬಂದಿದೆ: ಹತ್ತಾರು ಮನೆಗೆ ಒಂದೇ ತಂತಿ, ಯಾರು ಎತ್ತಿದರೂ ಎಲ್ಲರ ಮಾತು ಕೇಳಿಸುತ್ತಿದ್ದ ಕಾಲ. 

ಸಮಿತಿಯ ವಿಲ್ಮಾ ಟೀಗ್ ನಗೆಯಾಡಿದಳು: "ನಮ್ಮೂರಲ್ಲಿ ಯಾರ್ ಕದ್ದು ಕೇಳ್ತಿದ್ರೇ? ಧೂಳು ಒರೆಸೋಕೆ ಅಂತ ಫೋನ್ ಎತ್ತಿದ್ವಿ, ಅಷ್ಟೇ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕ್ರೂಸ್ ಮಗೂದು ಮಾತ್ರ ಬರೀಬೇಡ್ವೇ, ಹಬ್ಬದ ಹೊತ್ತು" ಎಂದಳು. ನಿನ್ನ ಮಗಳು ಮೇರಿಯೆಟ್ಟಾಳ ಮಾತದು. ನೀನು ಹಬ್ಬಕ್ಕೆ ಬರುತ್ತೀ ಎಂದು ಅವಳಿಗಿನ್ನೂ ಗೊತ್ತಿಲ್ಲ.

ಈ ಚಳಿಗಾಲದಲ್ಲಿ ನಿನ್ನ ಗಂಡ ಓಟ್ಟೋ ತೀರಿಕೊಂಡದ್ದು ಕೇಳಿ ತುಂಬ ಸಂಕಟವಾಯಿತು. ಸಾಯುವವರೆಗೂ ಅವನು "ಗಾಬರೀಲಿ ಡಾಕ್ಟ್ರಿಗೆ ಯಾರ್ ಮನೆ ಅಂತ್ಲೇ ಹೇಳ್ಲಿಲ್ಲ ನೀನು" ಎನ್ನುತ್ತಿದ್ದ ಎಂದು ಬರೆದಿದ್ದೀ. "ನಂಗೇ ನೆನಪಿಲ್ಲ ಒರ್ಫಾ, ಆವತ್ತು ಲೈನಲ್ಲಿದ್ದೋರು ಯಾರಾದ್ರೂ ಕೇಳಿಸ್ಕೊಂಡಿದ್ರಾ?" ಎಂದು ಕೇಳಿದ್ದೀ. ಆ ಸಾಲಿಗೆ ಬಂದಾಗಲೇ ನಾನು ಎದ್ದು ಒಲೆಯ ಕಡೆ ಹೋದದ್ದು.

ಹೇಳಬಹುದಾದದ್ದನ್ನು ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಮೇರಿಯೆಟ್ಟಾಗೆ ಗಂಟಲು ಕಟ್ಟಿ ಉಸಿರಾಡಲಾಗದ ಆ ಮಧ್ಯಾಹ್ನ ನೀನು ಡಾಕ್ಟರಿಗೆ ಫೋನು ಮಾಡಿದಾಗ ನಮ್ಮ ಆರನೇ ಲೈನಿನ ಉಳಿದ ಹನ್ನೊಂದು ಮನೆಯವರೂ ಎತ್ತಿದೆವು. ಹೌದು, ನಾನೂ. ಎತ್ತಿದವರು ಹೆಚ್ಚಿದಷ್ಟೂ ತಂತಿಯಲ್ಲಿ ದನಿ ಕುಗ್ಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಬೇರೆಯವರು ಫೋನು ಕೆಳಗಿಡಲಿ ಎಂದು ಒಬ್ಬೊಬ್ಬರೂ ಕಾದೆವು. ಡಾಕ್ಟರಿಗೆ ಕ್ರೂಸ್ ಎಂಬುದಷ್ಟೇ ಕೇಳಿಸಿತು. ಹಿಮದಲ್ಲಿ ಏಳು ಮೈಲಿ ಕುದುರೆಯ ಹಿಮಬಂಡಿ ಓಡಿಸಿಕೊಂಡು ಓಟ್ಟೋನ ತಮ್ಮ ಎಮಿಲ್‌ನ ಮನೆಗೆ ಹೋದರು. ಅಲ್ಲಿಂದ ತಿರುಗಿ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶವಸಂಸ್ಕಾರದ ದಿನ ಆ ಹನ್ನೊಂದು ಮನೆಯಿಂದಲೂ ನಿಮ್ಮಲ್ಲಿಗೆ ಊಟ ಬಂತು. ಹಂದಿಮಾಂಸ, ಆಲೂಗಡ್ಡೆ, ಏನು ಕಡಿಮೆಯಿತ್ತು ಹೇಳು? ಪಾತ್ರೆ ತಳ ಕಾಣದಂತೆ ತಂದೆವು. ಫೋನು ಎತ್ತಿದ್ದೆವೆಂದು ಯಾರೂ ಬಾಯಿ ಬಿಡಲಿಲ್ಲ. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಮುಂದಿನ ವಸಂತದಲ್ಲಿ ನೀವು ಆರೆಗನ್‌ಗೆ ಹೊರಟಾಗ ನನಗೆ ಹಗುರವಾಯಿತೆಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ನೀನು ಯಾರ ಹೆಸರು ಹೇಳಿದೆಯೆಂಬುದು ಮಾತ್ರ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ, ಆಲ್ವೀನಾ. ದನಿ ಅಷ್ಟು ಸಣ್ಣದಾಗಿತ್ತು. ಅದನ್ನೇ ಯೋಚಿಸುತ್ತ ಮನಸ್ಸು ಕೆಡಿಸಿಕೊಳ್ಳಬೇಡ. ಜೂನ್ ಒಂಬತ್ತಕ್ಕೆ ಬಾ, ಮೇಲಿನ ಕೋಣೆ ತೆರವು ಮಾಡಿಡುತ್ತೇನೆ.

ನಿನ್ನವಳೇ ಆದ
ಒರ್ಫಾ ಡಿಟ್ಮರ್

ಮರೆತ ಮಾತು: ಲಕೋಟೆ ಅಂಟಿಸಿ ಅಂಚೆ ಕಚೇರಿಯವರೆಗೂ ಹೋಗಿ ವಾಪಸು ಬಂದೆ. ಕೊನೆಯಲ್ಲಿ ಬರೆದದ್ದು ಸುಳ್ಳು. ನಮ್ಮ ಮನೆ ನಿಮ್ಮದಕ್ಕೆ ಅಂಟಿಕೊಂಡಂತಿತ್ತಲ್ಲ, ತಂತಿಯಲ್ಲೂ ನಿಮಗೆ ಹತ್ತಿರದವಳು ನಾನೇ, ನನಗೆ ಎಲ್ಲವೂ ಕೇಳಿಸಿತು. ನೀನು "ಓಟ್ಟೋ ಕ್ರೂಸ್ ಮನೆ" ಎಂದು ಎರಡು ಸಲ ಹೇಳಿದೆ, ಸ್ಪಷ್ಟವಾಗಿ. ಆಮೇಲೆ ಫೋನು ಬಿಟ್ಟು ಮಗುವಿನ ಕಡೆ ಓಡಿದೆ. ಡಾಕ್ಟರು "ಯಾವ ಕ್ರೂಸ್ ಅಮ್ಮಾ? ಎಮಿಲ್ ಮನೇನಾ?" ಎಂದು ಕೇಳಿ ಸ್ವಲ್ಪ ಹೊತ್ತು ಕಾದರು. ಒಂದೇ ಒಂದು ಹೆಸರು ನಾನು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ. ಕದ್ದು ಕೇಳುವವಳೆಂದು ಡಾಕ್ಟರಿಗೆ ತಿಳಿಯುತ್ತದಲ್ಲ ಎಂದು ನಾಚಿಕೆಯಾಗಿ ಮುಚ್ಚಿಕೊಂಡೆ. ಪುಸ್ತಕದ ಪುಟದಲ್ಲಿ ಇದನ್ನೇ ಬರೆದು ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಓಟ್ಟೋ ಬದುಕಿದ್ದಾಗಲೇ ಬರೆಯಬೇಕಿತ್ತು.