ಅಕ್ಕನಾಗಮ್ಮನನ್ನು ಕೇಳದೆ ಮಾಡಿದ ನೇಮಕ

ಅಕ್ಕಲಕೋಟ ತಾಲೂಕಿನ ಶಾಲೆಗಳ ಮೇಲ್ವಿಚಾರಣೆ ಹೊತ್ತ ಸಾಹೇಬರೇ,

ನಮ್ಮ ವಸ್ತಿಯ ಕನ್ನಡ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಹಳ್ಳದಾಚೆಯ ಮರಾಠಿ ಶಾಲೆಗೆ ಸೇರಿಸಲು ಶಾಲಾ ಸಮಿತಿ ಒಪ್ಪಿದೆ ಎನ್ನುತ್ತೀರಿ. ಒಪ್ಪಿದವರು ಯಾರು ಎಂದರೆ, ಪಾಲಕರ ಪರವಾಗಿ ನೀವು ನಾಮಿನೇಟ್ ಮಾಡಿದ ಅಕ್ಕನಾಗಮ್ಮ ಎನ್ನುತ್ತೀರಿ. ಅಕ್ಕನಾಗಮ್ಮ ನಮ್ಮ ಪಕ್ಕದ ಮನೆಯ ಒಕ್ಕಲಗಿತ್ತಿ. ಅವಳ ಮಗಳು ರೂಪಾಲಿ ಅದೇ ಶಾಲೆಯ ಮೂರನೆಯ ತರಗತಿಯಲ್ಲಿ ಓದುತ್ತಾಳೆ. ತಾನು ಸಮಿತಿಯ ಸದಸ್ಯೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ಇನ್ನು ಒಪ್ಪುವುದೆಲ್ಲಿ ಬಂತು?

ನಿಮ್ಮ ಕಚೇರಿಯವರೊಬ್ಬರು ಶಾಲೆಗೆ ಬಂದು ಸುದ್ದಿ ಹೇಳಿದ ದಿನ ಆಕೆ ತೊಗರಿ ಹೊಲದಿಂದ ನೇರ ಓಡಿ ಬಂದಳು.

"ನಾ ಯಾವಾಗ ಹೂಂ ಅಂದೀನ್ರಿ ಸಾಹೇಬ್ರ?"

"ತಾಯಿ, ನೀವು ನಾಮಿನೇಟೆಡ್ ಮೆಂಬರ್ ಅದೀರಿ. ಮತ್ತ ಹೂಂ ಅನ್ನೂ ಗರಜ ಇಲ್ಲ."

"ಅಯ್ಯ! ಲಗ್ನ ಮಾಡೂವಾಗ ನಮ್ಮಪ್ಪನೂ ನನ್ನ ಒಂದ ಮಾತ ಕೇಳಿದ್ದ. ನೀವು ಅವಂಗಿಂತ ದೊಡ್ಡವ್ರೇನ್ರಿ?"

ಗೋಡೆಗೆ ಒರಗಿದ್ದ ಹಿರಿಯ ಕಾಮಣ್ಣ ಕಾಕಾ ತಡೆದುಕೊಳ್ಳಲಾರದೆ ಅಂದ: "ಭಾರಿ ಆತು ಬಿಡ್ರಿ. ಹೆಸರು ಆಕಿದು, ಬಾಯಿ ನಿಮ್ಮದು."

ಈ ಇಂಗ್ಲಿಷ್ ಶಬ್ದಕ್ಕೆ ಅಷ್ಟು ಬಲವಿದೆಯೇ ಎಂಬ ಕುತೂಹಲದಿಂದ ನಾನು ಸೊಲ್ಲಾಪುರಕ್ಕೆ ಹೋಗಿ, ಕಚೇರಿ ಕೆಲಸದಲ್ಲೇ ತಲೆ ಹಣ್ಣಾದ ಗೆಳೆಯ ದಿಗಂಬರರಾಯರನ್ನು ಕೇಳಿದೆ. "ನಾಮಿನೇಟ್ ಅಂದ್ರ ಹೆಸರು ಮುಂದ ಇಡೂದು. ಹಂಗ ಯಾರ ಹೆಸರು ಇಡ್ತಾರೋ ಅಂವ ನಾಮಿನಿ. ಅಂವ ಒಪ್ಪಿದ ಮ್ಯಾಲ ನೇಮಕದ ಮಾತು. ಇನ್ನ ನಾಮಿನಲ್ ಅಂದ್ರ ಬರೇ ಹೆಸರಿಗಷ್ಟ" ಎಂದರು. ಎಲ್ಲವೂ ಒಂದೇ ಮನೆತನದ ಶಬ್ದಗಳಂತೆ. ಸಾಹೇಬರೇ, ನೀವು ನಾಮಿನೇಟ್ ಎಂಬ ಅಣ್ಣನ ಹೆಸರು ಹಿಡಿದು ಕೂಗಿದಿರಿ, ಕುರ್ಚಿಯಲ್ಲಿ ಕೂರಿಸಿದ್ದು ಮಾತ್ರ ನಾಮಿನಲ್ ಎಂಬ ಬರೇ ಹೆಸರಿನ ತಮ್ಮನನ್ನು.

ನಮ್ಮಲ್ಲಿಯೂ ನೇಮಕಗಳು ನಡೆಯುತ್ತವೆ. ಕಾಲುವೆ ನೀರಿನ ಪಾಳಿ ನೋಡಲು ಒಬ್ಬ ಬೇಕಾದರೆ ಹಿರಿಯರು ನಾಲ್ಕು ಜನರ ಮುಂದೆ ತಾಟಿನಲ್ಲಿ ವೀಳ್ಯ ಇಟ್ಟು ಹೆಸರು ಹೇಳುತ್ತಾರೆ. ಆತ ಎದ್ದು ಬಂದು ವೀಳ್ಯ ಎತ್ತಿದರೆ ಕೆಲಸ ಅವನದು. ಎತ್ತದಿದ್ದರೆ ಸಿಟ್ಟಿಲ್ಲ, ಇನ್ನೊಬ್ಬನ ಹೆಸರು. ಮರಾಠಿಯಲ್ಲೂ ವಿಡಾ ಎತ್ತುವ ಮಾತಿದೆ, ತಮಗೆ ಹೊಸದಲ್ಲ. ನಮ್ಮ ಅಜ್ಜಿ ಒಬ್ಬ ಅವಸರದ ರಾಜನ ಕಥೆ ಹೇಳುತ್ತಿದ್ದಳು. ಅವನು ಮಲಗಿದ್ದವನ ಎದೆಯ ಮೇಲೆ ವೀಳ್ಯ ಇಟ್ಟು ದಳಪತಿ ಮಾಡಿದನಂತೆ. ವೈರಿ ಬಂದಾಗ ದಳಪತಿ ಆಕಳಿಸಿ, "ಯಾಂವ ದಳಪತಿ? ನಾ ಮಕ್ಕೊಂಡಿದ್ದೆ" ಅಂದನಂತೆ. ಆ ರಾಜನ ವಂಶ ಇನ್ನೂ ಆಳುತ್ತಿದೆ ಎಂದು ನನಗೆ ಈಗ ತಿಳಿಯಿತು.

ಹೋದ ಸೋಮವಾರ ಶಾಲೆಯ ಅಂಗಳದಲ್ಲಿ ನಾವೇ ತಾಟು ಇಟ್ಟೆವು. ಪಾಲಕರೆಲ್ಲ ಸೇರಿ ಅಕ್ಕನಾಗಮ್ಮನ ಹೆಸರನ್ನೇ ಹೇಳಿದರು. ಆಕೆ ಹಿಂಜರಿದಳು. "ನನಗ ಓದಾಕ ಬರೂದಿಲ್ಲೋ ಕಾಕಾ. ಸಾಹೇಬ್ರು ಇಂಗ್ರೇಜಿ ಮಾತಾಡಿದ್ರ?"

"ನೀ ಕನ್ನಡದಾಗ ಒಲ್ಲೆ ಅನ್ನವಾ. ಅದು ಎಲ್ಲಾರಿಗೂ ತಿಳೀತದ."

ಆಕೆ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಹೇಳಿದಳು: "ಒಲ್ಲೆ. ಸಾಲಿ ಇಲ್ಲೇ ಇರ್ತದ."

ನಾವು ಮರಾಠಿಗೆ ಮುನಿದವರಲ್ಲ. ನಮ್ಮ ಬಜಾರು, ಬಸ್ಸು, ಬೈಗುಳ ಅರ್ಧಕ್ಕರ್ಧ ಅದರಲ್ಲೇ ನಡೆಯುತ್ತವೆ. ಆದರೆ ರೂಪಾಲಿ ಮನೆಯಲ್ಲಿ ಆಡುವ ಮಾತನ್ನು ಓದಿ ಬರೆಯಲು ನಡೆದು ಹೋಗುವಷ್ಟು ಹತ್ತಿರ ಇರುವುದು ಇದೊಂದೇ ಶಾಲೆ. ಅವಳ ತಾಯಿಗೆ ಅಕ್ಷರ ಒಲಿಯಲಿಲ್ಲ. ತಾಯಿಯ ಹೆಸರನ್ನೇ ಹಿಡಿದು ಮಗಳ ಅಕ್ಷರ ಕಿತ್ತುಕೊಳ್ಳುವುದು ಯಾವ ನಿಯಮದ ಜಾಣತನ?

ಆದ್ದರಿಂದ ಆ ಸುಳ್ಳು ಒಪ್ಪಿಗೆಯನ್ನು ರದ್ದು ಮಾಡಿ. ಇಲ್ಲವಾದರೆ ಬೀಗ ಹಾಕಲು ಜವಾನನನ್ನು ಕಳಿಸಬೇಡಿ, ತಾವೇ ಬನ್ನಿ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ, ಅಕ್ಕನಾಗಮ್ಮ ಹೊಸ್ತಿಲ ಮೇಲೆ ಕೂತಿರುತ್ತಾಳೆ. 'ಅಕ್ಕನಾಗಮ್ಮ ಒಪ್ಪಿದ್ದಾಳೆ, ದಾರಿ ಬಿಡು' ಎಂದು ಅವಳಿಗೇ ಹೇಳಿ ನೋಡಿ.

ಇಂತಿ,
ಯಾರೂ ಯಾವುದಕ್ಕೂ ನೇಮಿಸದಿದ್ದರೂ ನಡುವೆ ಬಾಯಿ ಹಾಕುವ
ಯೋಗಿರಾಜ
ಹನ್ನೂರ ಹಾದಿಯ ವಸ್ತಿ, ಅಕ್ಕಲಕೋಟ ತಾಲೂಕು