ಕೆಂಪಾದರೆ ಹೆದರಬೇಡಿ ಎಂದು ಬರೆಸಿದವರಿಗೆ

ಕ್ಷಯರೋಗ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕರಪತ್ರದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಆ ಸಾಲು ಇಲ್ಲದ್ದರಿಂದ ನನ್ನ ಅಕ್ಕ ಆಸ್ಪತ್ರೆ ಸೇರಿದ್ದಾಳೆ. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಎರಡು ತಿಂಗಳ ಹಿಂದೆ ಅವಳಿಗೆ ಕ್ಷಯ ಎಂದು ಗೊತ್ತಾದಾಗ ಮನೆಯವರೆಲ್ಲ ಕಂಗಾಲಾದರು; ನಾನೊಬ್ಬ ಆಗಲಿಲ್ಲ. ನಾನು ನಿಮ್ಮ ಕರಪತ್ರ ಓದಿದ್ದೆನಲ್ಲ! ಓದಿದ್ದಷ್ಟೇ ಅಲ್ಲ, ನಿಮ್ಮ ಸ್ವಯಂಸೇವಕನಾಗಿ ಅದೇ ಕಾರ್ಖಾನೆಯ ಗೇಟಿನಲ್ಲಿ ನಿಂತು ಮುನ್ನೂರು ಪ್ರತಿ ಹಂಚಿದ್ದೆ. 'ಒಂದು ದಿನವೂ ಮಾತ್ರೆ ತಪ್ಪಿಸಬೇಡಿ. ಮೂತ್ರ ಕೆಂಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.' ಎರಡೂ ನಿಜ. ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೀರಿ.

ಐದನೇ ವಾರ ಅಕ್ಕನಿಗೆ ಊಟ ಸೇರದಾಯಿತು. ವಾಕರಿಕೆ, ಸುಸ್ತು. ಮೂತ್ರದ ಬಣ್ಣವೂ ಮೊದಲಿನಂತಿಲ್ಲ, ಹಾಲು ಹಾಕದ ಟೀ ಥರ ಇದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಳು. ನಾನು ಕರಪತ್ರ ತಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇಷ್ಟೆಲ್ಲ ಓದಿದೀಯಲ್ಲೋ ಪಂಡಿತ, ಸರಿ ಬಿಡು," ಎಂದು ನಕ್ಕು ಮಾತ್ರೆ ನುಂಗಿದಳು. ದಿನಾ ಮನೆಗೆ ಬಂದು, ನುಂಗಿದ್ದನ್ನು ಕಣ್ಣಾರೆ ಕಂಡು ಕಾರ್ಡಿನಲ್ಲಿ ಗುರುತು ಹಾಕುವ ನಿಮ್ಮ ಕಾರ್ಯಕರ್ತೆಯೂ ಅದನ್ನೇ ಹೇಳಿದರು. ಒಂದು ಬೆಳಿಗ್ಗೆ ನುಂಗಿದ್ದೆಲ್ಲ ವಾಂತಿಯಾಯಿತು. ಕಾರ್ಡಿನಲ್ಲಿ ಆ ದಿನದ ಚೌಕ ಖಾಲಿ ಬಿಡುವಂತಿಲ್ಲವಂತೆ, ಮತ್ತೆ ನುಂಗಿಸಿದರು. ನೀರಿನ ಲೋಟ ಹಿಡಿದಿದ್ದವನು ನಾನು.

ಹನ್ನೊಂದು ದಿನ ಹೀಗೇ ಕಳೆಯಿತು. ಕೊನೆಗೆ ಕಾರ್ಖಾನೆಯಲ್ಲಿ ಪಕ್ಕದ ಮಷಿನ್ನಿನ ಹೆಂಗಸು, ಯಾವ ಕರಪತ್ರವನ್ನೂ ಓದದವರು, "ಕಣ್ಣು ಹಳದಿ ಆಗಿದೆಯಲ್ಲೇ, ಕನ್ನಡಿ ನೋಡ್ಕೊಳ್ಳಲ್ವಾ?" ಎಂದು ಕೇಳಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೆ, ನಲವತ್ತರೊಳಗೆ ಇರಬೇಕಾದ ಎಸ್‌ಜಿಪಿಟಿ ಎಂಬ ಯಕೃತ್ತಿನ ಅಂಶ ಸಾವಿರದ ನೂರು. ಮಾತ್ರೆ ಅವಳ ಯಕೃತ್ತಿಗೆ ವಿಷವಾಗಿತ್ತು. ವೈದ್ಯೆ ಆ ಕ್ಷಣವೇ ಎಲ್ಲ ಮಾತ್ರೆ ನಿಲ್ಲಿಸಿದರು.

ನಿನ್ನೆ ಆ ಸಂಖ್ಯೆ ನಾನೂರಕ್ಕೆ ಇಳಿಯಿತು. ನಾನು ಕುಣಿಯುವುದೊಂದು ಬಾಕಿ. ವೈದ್ಯೆ ನನ್ನನ್ನು ವರಾಂಡಕ್ಕೆ ಕರೆದು ತಿಳಿಸಿ ಹೇಳಿದರು: ಎಸ್‌ಜಿಪಿಟಿ ಎಂದರೆ ಪೆಟ್ಟು ತಿಂದ ಜೀವಕೋಶಗಳಿಂದ ರಕ್ತಕ್ಕೆ ಸೋರಿದ್ದರ ಅಳತೆ. ಗಾಯ ಮಾಯುತ್ತಿದ್ದರೂ ಅದು ಇಳಿಯುತ್ತದೆ. ಸೋರಲು ಕೋಶಗಳೇ ಉಳಿಯದಿದ್ದರೂ ಇಳಿಯುತ್ತದೆ. ಯಕೃತ್ತಿಗೆ ಇನ್ನೂ ಕೆಲಸ ಮಾಡುವ ಶಕ್ತಿ ಇದೆಯೇ ಎಂದು ತಿಳಿಯಲು ರಕ್ತ ಹೆಪ್ಪುಗಟ್ಟುವ ಸಮಯ ನೋಡಬೇಕು, ರೋಗಿಯ ಎಚ್ಚರ ನೋಡಬೇಕು. ಹೆಪ್ಪುಗಟ್ಟುವ ಸಮಯ ನಿನ್ನೆ ಜಾಸ್ತಿಯಾಗಿತ್ತು, ಅಂದರೆ ಆ ಶಕ್ತಿ ಕುಗ್ಗಿದೆ. "ಅವರನ್ನ ಮಾತಾಡಿಸ್ತಾ ಇರಿ. ಮಾತು ತೊದಲಿದ್ರೆ ತಕ್ಷಣ ಕರೀರಿ," ಎಂದರು. ಆಗಿನಿಂದ ಮಾತಾಡಿಸುತ್ತಲೇ ಇದ್ದೇನೆ. ಉತ್ತರ ಸ್ವಲ್ಪ ತಡವಾದರೂ 'ಅಕ್ಕಾ' ಎಂದು ಮತ್ತೆ ಕರೆಯುತ್ತೇನೆ.

ನಾನು ಮಾತ್ರೆ ಬೇಡವೆನ್ನುತ್ತಿಲ್ಲ. ಕ್ಷಯ ಕೊಲ್ಲುತ್ತದೆ, ಮಾತ್ರೆ ಉಳಿಸುತ್ತದೆ. ಹೆಚ್ಚಿನವರಿಗೆ ಹೀಗಾಗುವುದೂ ಇಲ್ಲ. ಆದರೆ ನಾನು ಕೈಯಾರೆ ಹಂಚಿದ ಆ ಮುನ್ನೂರರಲ್ಲಿ ಎಷ್ಟು ಇನ್ನೂ ಮನೆಮನೆಗಳಲ್ಲಿವೆ? ಅದನ್ನು ನಂಬಿ ಇವತ್ತು ಯಾರು ಕನ್ನಡಿ ನೋಡದೆ ನುಂಗಿದರು? ಇನ್ನೊಂದು ಸಾಲಿಗೆ ಜಾಗ ಸಾಲಲಿಲ್ಲವೇ? ಕೊನೆಯ ಪುಟದಲ್ಲಿ ತಮ್ಮ ಭಾವಚಿತ್ರ ಅಂಗೈಯಗಲ ಇದೆ.

ಅದನ್ನು ತೆಗೆದು ಈ ವಾರವೇ ಅಲ್ಲಿ ಹೀಗೆ ಅಚ್ಚು ಹಾಕಿಸಿ: 'ಊಟ ಸೇರದಿದ್ದರೆ, ವಾಂತಿಯಾಗುತ್ತಿದ್ದರೆ, ಮೂತ್ರ ಹಾಲಿಲ್ಲದ ಟೀಯಂತಾದರೆ, ಕಣ್ಣು ಹಳದಿಯಾದರೆ, ಮುಂದಿನ ಮಾತ್ರೆಗೆ ಮೊದಲು, ಅವತ್ತೇ ವೈದ್ಯರ ಬಳಿ ಬಂದು ಲಿವರ್ ಪರೀಕ್ಷೆ ಮಾಡಿಸಿ.' ಕಾರ್ಡಿನಲ್ಲಿ 'ವೈದ್ಯರು ನಿಲ್ಲಿಸಿದ್ದಾರೆ' ಎಂಬುದಕ್ಕೂ ಒಂದು ಗುರುತಿರಲಿ.

ಯಾಕೆಂದರೆ ಅಕ್ಕ ಈಗಷ್ಟೇ ಕಣ್ಣು ಬಿಟ್ಟು, ತಡೆತಡೆದು ಕೇಳಿದಳು: "ಕಾರ್ಡಲ್ಲಿ ಖಾಲಿ ಬಿದ್ದಿರುತ್ತಲ್ಲೋ, ಬೈತಾರೇನೋ?" ಅದು ನಿದ್ದೆಗಣ್ಣಿನ ಮಾತೋ, ತೊದಲೋ ನನಗೆ ತಿಳಿಯಲಿಲ್ಲ. ನರ್ಸನ್ನು ಕೂಗಿದ್ದೇನೆ, ಬರುತ್ತಿದ್ದಾರೆ. ಅವಳಿಗೆ ಉತ್ತರ ಮಾತ್ರ ನೀವು ಕೊಡಬೇಕು.

ಇಂತಿ,
ನಿಮ್ಮ ಕರಪತ್ರ ಬಾಯಿಪಾಠ ಮಾಡಿದ್ದ,
ಅಕ್ಕನಿಗೆ ನೀರಿನ ಲೋಟ ಹಿಡಿದ ಪಂಡಿತ